14 ಸಾವಿರದ ಗಿಟಾರ್‌ಗೆ 8 ಸಾವಿರದ ಪಿಕಪ್ ಹಾಕಿಸಬೇಕಾ?

ಕೌಲ್‌ಬಜಾರ್ ಹುಡುಗ, ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ನನ್ನದು ಸ್ಟ್ರಾಟ್ (ಫೆಂಡರ್ ಸ್ಟ್ರಾಟೋಕಾಸ್ಟರ್) ಮಾದರಿಯ ಎಲೆಕ್ಟ್ರಿಕ್ ಗಿಟಾರ್. ತಂತಿಯ ಕಂಪನವನ್ನು ಸಿಗ್ನಲ್ ಮಾಡುವ ಪಿಕಪ್ ಮೂರು (ನೆಕ್, ನಡು, ಬ್ರಿಡ್ಜ್), ಎಲ್ಲ ಸಿಂಗಲ್ ಕಾಯಿಲ್, ಐದು ಪೊಸಿಷನ್ ಸ್ವಿಚ್, ಒಂದು ವಾಲ್ಯೂಮ್, ಎರಡು ಟೋನ್. 14 ಸಾವಿರಕ್ಕೆ ತಗೊಂಡಿದ್ದು. ಕಂಪನಿ ಹೆಸರು ಬರೆದರೆ ಮಾತು ಅದರ ಹಿಂದೆಯೇ ಹೋಗುತ್ತದೆ, ಬೇಡ. ನೆಕ್ ಚೆನ್ನಾಗಿದೆ. ಫ್ರೆಟ್ ತುದಿ ಕೈಗೆ ಚುಚ್ಚಲ್ಲ. ಟ್ಯೂನಿಂಗ್ ನಿಲ್ಲುತ್ತದೆ. ತಕರಾರು ಇರುವುದು ಸೌಂಡಿನದ್ದು.

ಮೊದಲನೆಯದು ಹಮ್. ನಾವಿರುವುದು ಮೊದಲ ಮಹಡಿಯಲ್ಲಿ, ಕೆಳಗೆ ಜೀನ್ಸ್ ಹೊಲಿಯುವ ಯೂನಿಟ್. ಅಲ್ಲಿ ಮಷಿನ್ ಶುರುವಾದರೆ ಇಲ್ಲಿ ಆಂಪ್ ಗೊರ್ ಅನ್ನುತ್ತದೆ. ಭಾನುವಾರ ರಜೆ ಇದ್ದಾಗ ಕಡಿಮೆ, ಆದರೆ ಪೂರ್ತಿ ಹೋಗಲ್ಲ.

ಎರಡನೆಯದು ಬ್ರಿಡ್ಜ್ ಪಿಕಪ್, ಬಾಡಿ ಮೇಲೆ ತಂತಿ ಕಟ್ಟುವ ಕಡೆ ಇರುವುದು. ಕಿವಿಗೆ ಚುಚ್ಚುತ್ತದೆ. ಟೋನ್ ನಾಬ್ ಎಷ್ಟು ತಿರುಗಿಸಿದರೂ ಏನೂ ಆಗಲ್ಲ, ನಾಬೇ ಕೆಟ್ಟಿದೆಯೋ ಏನೋ. ಆರ್ಕೆಸ್ಟ್ರಾದಲ್ಲಿ ಇನ್ನೂ ಕಷ್ಟ. ಅಲ್ಲಿ ಆಂಪ್ ಇರಲ್ಲ, ಮಲ್ಟಿ ಎಫೆಕ್ಟ್ ಪ್ರೊಸೆಸರ್‌ನಿಂದ ನೇರ ಮಿಕ್ಸರ್‌ಗೆ. ಡಿಸ್ಟಾರ್ಷನ್ ಒತ್ತಿದರೆ ಜೇನುಗೂಡಿಗೆ ಕಲ್ಲು ಹೊಡೆದ ಹಾಗೆ. ಕೀಬೋರ್ಡ್ ಅಣ್ಣ ಪ್ರತಿ ಸಲ ತಿರುಗಿ ನೋಡುತ್ತಾರೆ.

ಬಜೆಟ್ 8 ಸಾವಿರ. ಆನ್‌ಲೈನ್‌ನಲ್ಲಿ ನೋಡಿದರೆ ತಲೆ ತಿರುಗುತ್ತದೆ. ಆಲ್ನಿಕೋ 2, ಆಲ್ನಿಕೋ 5, ಸೆರಾಮಿಕ್, ಹಾಟ್, ವಿಂಟೇಜ್. ಮೂರರ ಸೆಟ್ ತಗೊಳ್ಳಲಾ, ಒಂದೇ ಬದಲಿಸಲಾ? ಐಟಿಐ ಎಲೆಕ್ಟ್ರಿಷಿಯನ್ ಮಾಡಿದ್ದೇನೆ, ತೋರಣಗಲ್ಲಿನಲ್ಲಿ ಕೆಲಸ. ಸೋಲ್ಡರಿಂಗ್ ಬರುತ್ತದೆ. ಗಿಟಾರ್ ಮಾತ್ರ ಇನ್ನೂ ಬಿಚ್ಚಿಲ್ಲ.

ಗಂಗಾವತಿ ಬೇಸ್, ಕೊಪ್ಪಳ ಜಿಲ್ಲೆ

ಗುರು, ಬೇಜಾರಾಗಬೇಡ. ಮಾರಿಬಿಡು. ಬಂದದ್ದಕ್ಕೆ ನಿನ್ನ 8 ಸೇರಿಸಿ ಸೆಕೆಂಡ್ ಹ್ಯಾಂಡ್‌ನಲ್ಲಿ ಯಮಹಾ ಪೆಸಿಫಿಕಾ 112 ಹುಡುಕು. ಅದರಲ್ಲಿ ಬ್ರಿಡ್ಜ್‌ಗೆ ಹಂಬಕರ್ (ಹಮ್ ಕಳೆಯುವ ಎರಡು ಕಾಯಿಲ್‌ನ ಪಿಕಪ್) ಇದ್ದೇ ಇರುತ್ತದೆ. ಪಿಕಪ್‌ಗೆ ಹಾಕಿದ ದುಡ್ಡು ಮುಂದೆ ಮಾರುವಾಗ ಒಂದು ಪೈಸೆ ವಾಪಸ್ ಬರಲ್ಲ.

ಹಳೇ ರೇಡಿಯೊ, ರಾಯಚೂರು

ಗಂಗಾವತಿಯವರ ಕೊನೆಯ ಮಾತು ನಿಜ. ಅದಕ್ಕೇ ಹಳೆಯ ಪಿಕಪ್ ಎಸೆಯಬೇಡಿ. ಮಾರುವ ದಿನ ಅದನ್ನೇ ವಾಪಸ್ ಕೂರಿಸಿ, ಹೊಸದನ್ನು ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಆದರೆ ನೆಕ್ ಚೆನ್ನಾಗಿರುವ ಗಿಟಾರ್ ಮಾರಬಾರದು. ಅದು ನನ್ನ ಹಟ ಅಂತಲೇ ಇಟ್ಟುಕೊಳ್ಳಿ.

ನಾನು ಗಿಟಾರ್ ನುಡಿಸುವವನಲ್ಲ, ರಿಪೇರಿಯವನು. ಮೊದಲು ರೇಡಿಯೊ, ಆಮೇಲೆ ಟಿವಿ, ಈಗ ಮದುವೆ ಆರ್ಕೆಸ್ಟ್ರಾದವರ ಆಂಪ್ಲಿಫೈಯರ್, ಕೀಬೋರ್ಡ್, ಗಿಟಾರ್. ಹುಡುಗರು ಬಂದು "ಪಿಕಪ್ ಸರಿ ಇಲ್ಲ ಅಂಕಲ್" ಅನ್ನುತ್ತಾರೆ. ಬಿಚ್ಚಿ ನೋಡಿದರೆ ಹೆಚ್ಚು ಸಲ ತಪ್ಪು ಬೇರೆ ಕಡೆ ಇರುತ್ತದೆ. ನಿಮ್ಮದರಲ್ಲಿ ನನಗೆ ಮೂರು ಬೇರೆ ಬೇರೆ ಕಾಯಿಲೆ ಕಾಣಿಸುತ್ತಿವೆ. ಒಂದಕ್ಕೆ ಮಾತ್ರ ಪಿಕಪ್ ಮದ್ದು.

ಮೊದಲು ಜೇನುಗೂಡಿನದು. ಇದು ಪಿಕಪ್ ಅಲ್ಲವೇ ಅಲ್ಲ. ಗಿಟಾರ್ ಆಂಪ್‌ನ ಸ್ಪೀಕರ್ 5 ಕಿಲೋಹರ್ಟ್ಸ್ ದಾಟಿದ ಮೇಲೆ ಬೇಗ ಇಳಿದುಬಿಡುತ್ತದೆ. ಡಿಸ್ಟಾರ್ಷನ್‌ನಲ್ಲಿ ಹುಟ್ಟುವ ಒರಟು ಸದ್ದೆಲ್ಲ ಅದರ ಮೇಲಿನದು, ಸ್ಪೀಕರ್ ಅದನ್ನು ಸೋಸಿಬಿಡುತ್ತದೆ. ಆರ್ಕೆಸ್ಟ್ರಾದ ದೊಡ್ಡ ಬಾಕ್ಸ್‌ನಲ್ಲಿ ಹಾರ್ನ್ ಇರುತ್ತದೆ. ಅದು 15 ಕಿಲೋಹರ್ಟ್ಸ್ ತನಕ ಏನನ್ನೂ ಬಿಡದೆ ಜನರ ಕಿವಿಗೆ ಹಾಕುತ್ತದೆ. ನಿಮ್ಮ ಪ್ರೊಸೆಸರ್‌ನಲ್ಲಿ ಕ್ಯಾಬಿನೆಟ್ ಸಿಮ್ಯುಲೇಷನ್ (ಗಿಟಾರ್ ಸ್ಪೀಕರ್ ಹಾಗೆ ಸೋಸುವ ಸೆಟ್ಟಿಂಗ್) ಅಂತ ಇರಬೇಕು. ಇಲ್ಲವಾದರೆ ಔಟ್‌ಪುಟ್ ಸೆಟ್ಟಿಂಗ್‌ನಲ್ಲಿ "ಆಂಪ್", "ಲೈನ್" ಎಂದು ಎರಡು ಇರುತ್ತವೆ. ಮನೆಯಲ್ಲಿ ಆಂಪ್‌ಗೆ ಹಾಕುವುದರಿಂದ "ಆಂಪ್" ಅಂತಲೇ ಉಳಿದಿರುತ್ತದೆ. ಸ್ಟೇಜ್ ಮೇಲೆ ಅದನ್ನು "ಲೈನ್" ಮಾಡಿ, ಸಿಮ್ಯುಲೇಷನ್ ಹಾಕಿ. ಕೀಬೋರ್ಡಿನವರು ತಿರುಗಿ ನೋಡುವುದು ನಿಲ್ಲುತ್ತದೆ.

ಎರಡನೆಯದು ಕಿವಿಗೆ ಚುಚ್ಚುವ ಬ್ರಿಡ್ಜ್. ನಾಬ್ ಕೆಟ್ಟಿಲ್ಲ. ಫೆಂಡರ್ 1954ರಲ್ಲಿ ಸ್ಟ್ರಾಟೋಕಾಸ್ಟರ್ ತಂದಾಗಿನಿಂದ ಬಂದ ವೈರಿಂಗ್ ಅದು. ಒಂದು ಟೋನ್ ನೆಕ್ ಪಿಕಪ್‌ಗೆ, ಇನ್ನೊಂದು ನಡುವಿನದಕ್ಕೆ. ಬ್ರಿಡ್ಜ್‌ಗೆ ಟೋನೇ ಇಲ್ಲ. ಕಡಿಮೆ ಬೆಲೆಯ ಗಿಟಾರ್‌ಗಳು ಅದನ್ನೇ ನಕಲು ಮಾಡುತ್ತವೆ. ಪಿಕ್‌ಗಾರ್ಡ್ (ಮೇಲಿನ ಪ್ಲಾಸ್ಟಿಕ್ ತಟ್ಟೆ) ಬಿಚ್ಚಿ ಸ್ವಿಚ್ ನೋಡಿ. ಟೋನ್ ವೈರ್ ಹೋಗುವ ಸಾಲಿನಲ್ಲಿ ಬ್ರಿಡ್ಜ್‌ನ ಕಡ್ಡಿ ಖಾಲಿ ಇರುತ್ತದೆ. ಪಕ್ಕದ ನಡುವಿನ ಪಿಕಪ್ ಕಡ್ಡಿಯಿಂದ ಅದಕ್ಕೆ ಒಂದು ತುಂಡು ವೈರ್ ಸೋಲ್ಡರ್ ಮಾಡಿ. ಅಷ್ಟೇ. ಇನ್ನು ಮೇಲೆ ಎರಡನೇ ಟೋನ್ ನಾಬ್ ಎರಡಕ್ಕೂ ಕೆಲಸ ಮಾಡುತ್ತದೆ. ಸಾವಿರಾರು ರೂಪಾಯಿ ಪಿಕಪ್ ಹಾಕಿಸಿಕೊಂಡ ಮೇಲೂ "ಇನ್ನೂ ಚುಚ್ಚುತ್ತೆ" ಅಂತ ಬಂದವರಿಗೆ ನಾನು ಮಾಡಿಕೊಟ್ಟದ್ದು ಇಷ್ಟೇ ಕೆಲಸ.

ಜೊತೆಗೆ ಎತ್ತರ ನೋಡಿ. ಕೊನೆಯ ಫ್ರೆಟ್‌ನಲ್ಲಿ ತಂತಿ ಒತ್ತಿ ಹಿಡಿದು, ತಂತಿಯ ತಳಕ್ಕೂ ಪಿಕಪ್‌ನ ಪೋಲ್‌ಗೂ (ಮೇಲೆ ಕಾಣುವ ಲೋಹದ ಗುಂಡು ತುದಿ) ನಡುವಿನ ಸಂದು ಅಳೆಯಿರಿ. 2 ಮಿಲಿಮೀಟರ್ ಆಸುಪಾಸು ಇರಲಿ. ದಪ್ಪ ತಂತಿಯ ಕಡೆ ಸ್ವಲ್ಪ ಜಾಸ್ತಿ, ಸಣ್ಣ ತಂತಿಯ ಕಡೆ ಸ್ವಲ್ಪ ಕಡಿಮೆ. ಸ್ಕ್ರೂ ಡ್ರೈವರ್ ಸಾಕು, ಖರ್ಚಿಲ್ಲ.

ಮೂರನೆಯದು ಹಮ್. ಇದು ನಿಜವಾಗಿ ಪಿಕಪ್ ವಿಷಯ. ಆದರೆ ಇದರಲ್ಲೂ ಎರಡು ಜಾತಿ ಇವೆ, ಮೊದಲು ಬೇರೆ ಮಾಡಬೇಕು. ಇಷ್ಟು ಮಾಡಿ ಬರೆಯಿರಿ:

ಆಂಪ್ ಎದುರು ಕೂತು ಗಿಟಾರ್ ಹಿಡಿದು ನಿಧಾನಕ್ಕೆ ಸುತ್ತ ತಿರುಗಿ. ಯಾವುದೋ ದಿಕ್ಕಿನಲ್ಲಿ ಸದ್ದು ಕಡಿಮೆ ಆಗುತ್ತದಾ? ಹಾಗಿದ್ದರೆ ಅದು ಮೋಟರ್, ಟ್ರಾನ್ಸ್‌ಫಾರ್ಮರ್‌ಗಳ ಕಾಂತಕ್ಷೇತ್ರ ಕಾಯಿಲ್‌ಗೆ ನೇರ ಬಡಿಯುತ್ತಿರುವುದು. ಇನ್ನು, ತಂತಿ ಮುಟ್ಟಿದರೆ ಚುರ್‌ಗುಟ್ಟುವ ಸದ್ದು ನಿಲ್ಲುತ್ತದಾ? ಅದು ಬೇರೆ, ಅದಕ್ಕೆ ಒಳಗೆ ಕಾಪರ್ ಟೇಪ್ ಅಂಟಿಸಿ ಗ್ರೌಂಡ್ ಮಾಡಿದರೆ ಕಡಿಮೆ ಆಗುತ್ತದೆ. ಮೊದಲನೆಯ ಜಾತಿಗೆ ಕಾಪರ್ ಟೇಪ್ ಏನೂ ಮಾಡಲ್ಲ. ಯೂಟ್ಯೂಬ್ ನೋಡಿ ಇಡೀ ಗಿಟಾರ್‌ಗೆ ತಾಮ್ರ ಹೊದಿಸಿಕೊಂಡು ಬರುವವರಿಗೆ ಇದನ್ನು ಹೇಳಿ ಹೇಳಿ ಸಾಕಾಗಿದೆ.

ಸ್ವಿಚ್ ಎರಡನೇ ಮತ್ತು ನಾಲ್ಕನೇ ಪೊಸಿಷನ್‌ನಲ್ಲಿ (ಎರಡು ಪಿಕಪ್ ಸೇರುವಲ್ಲಿ) ಹಮ್ ಕಡಿಮೆ ಆಗುತ್ತದಾ, ಅಷ್ಟೇ ಇರುತ್ತದಾ, ಅದನ್ನೂ ನೋಡಿ.

ಕೊನೆಗೆ ಮನೆಯ ಅರ್ತಿಂಗ್. ನಿಮಗೆ ಹೇಳಿಕೊಡಬೇಕಿಲ್ಲ, ನ್ಯೂಟ್ರಲ್‌ಗೂ ಅರ್ತ್‌ಗೂ ನಡುವೆ ವೋಲ್ಟೇಜ್ ನೋಡಿ. ನಮ್ಮ ಕಡೆ ಬೇಸಿಗೆಯಲ್ಲಿ ಅರ್ತ್ ಗುಂಡಿ ಒಣಗಿ ಹೋಗುತ್ತದೆ. ಉಪ್ಪು, ಇದ್ದಿಲು ಹಾಕಿ ಮುಚ್ಚಿದ್ದನ್ನು ಆಮೇಲೆ ಯಾರೂ ನೋಡಲ್ಲ. ಒಂದೆರಡು ಕೊಡ ನೀರು ಹಾಕಿದರೆ ಎಷ್ಟೋ ಗೊರಗೊರ ನಿಂತಿದ್ದಿದೆ. ಮತ್ತೆ ಆಂಪ್‌ನ ಮೂರನೇ ಪಿನ್ ಮುರಿದು ಎರಡು ಪಿನ್ ಸಾಕೆಟ್‌ಗೆ ಹಾಕುವ ಅಭ್ಯಾಸ ಆರ್ಕೆಸ್ಟ್ರಾದವರಲ್ಲಿ ಇದೆ. ಗಿಟಾರ್ ತಂತಿ ಕೈಯಲ್ಲಿ, ಮೈಕ್ ತುಟಿಗೆ. ನಡುವೆ ಕರೆಂಟ್ ಹರಿದರೆ ಹಾಡು ಅಲ್ಲಿಗೇ ಮುಗಿಯಿತು. ದಯವಿಟ್ಟು ಮಾಡಬೇಡಿ.

ಕೌಲ್‌ಬಜಾರ್ ಹುಡುಗ, ಬಳ್ಳಾರಿ

ಸರ್, ಎಲ್ಲ ನೋಡಿದೆ. ಪ್ರೊಸೆಸರ್ "ಆಂಪ್"ನಲ್ಲೇ ಇತ್ತು! ಸ್ವಿಚ್‌ನಲ್ಲಿ ಬ್ರಿಡ್ಜ್ ಟೋನ್ ಕಡ್ಡಿ ಖಾಲಿ ಇತ್ತು, ಜಂಪರ್ ಹಾಕಿದೆ. ಟೋನ್ 6ಕ್ಕೆ ಇಳಿಸಿದರೆ ಬ್ರಿಡ್ಜ್ ಕೇಳುವ ಹಾಗಾಗಿದೆ.

ಹಮ್ ಹೋಗಿಲ್ಲ. ನ್ಯೂಟ್ರಲ್-ಅರ್ತ್ ನಡುವೆ 1 ವೋಲ್ಟ್ ಒಳಗೇ ಇದೆ. ಗಿಟಾರ್ ತಿರುಗಿಸಿದರೆ ಬೀದಿ ಕಡೆ ಮುಖ ಮಾಡಿದಾಗ ಕಡಿಮೆ, ಗೋಡೆ ಕಡೆ ಜಾಸ್ತಿ. ಎರಡು, ನಾಲ್ಕನೇ ಪೊಸಿಷನ್‌ನಲ್ಲೂ ಅಷ್ಟೇ ಹಮ್. ಪಿಕಪ್ ಹಿಂದೆ ಕಪ್ಪು ಪಟ್ಟಿ ಅಂಟಿಸಿದ್ದಾರೆ, ಮೂರಕ್ಕೂ. ಮಲ್ಟಿಮೀಟರ್‌ನಲ್ಲಿ ನೆಕ್ 6.4, ನಡುವಿನದು 6.4, ಬ್ರಿಡ್ಜ್ 6.5 ಕಿಲೋ ಓಮ್. ಇದು ಚಿಲ್ಲರೆ ಪಿಕಪ್ ಅಂತ ಅರ್ಥವಾ?

ಹಳೇ ರೇಡಿಯೊ, ರಾಯಚೂರು

ಅಲ್ಲ. ಒಳ್ಳೆಯ ಸ್ಟ್ರಾಟ್ ಪಿಕಪ್ ಕೂಡ 6 ಕಿಲೋ ಓಮ್ ಅಕ್ಕಪಕ್ಕವೇ ಇರುತ್ತದೆ. ಆ ನಂಬರ್ ಬರೀ ಕಾಯಿಲ್ ತಂತಿಯ ಉದ್ದ ಮತ್ತು ದಪ್ಪ ಹೇಳುತ್ತದೆ, ಸ್ವರ ಹೇಳಲ್ಲ. ಅದೂ ನಮ್ಮೂರಲ್ಲಿ ನಂಬಬಾರದು. ತಾಮ್ರದ ರೆಸಿಸ್ಟೆನ್ಸ್ ಒಂದು ಡಿಗ್ರಿಗೆ ಸುಮಾರು 0.39% ಏರುತ್ತದೆ. ಡಬ್ಬಿಯ ಮೇಲೆ 8 ಎಂದು ಬರೆದದ್ದು ಮೇ ತಿಂಗಳ 42 ಡಿಗ್ರಿಯಲ್ಲಿ ಎಂಟೂವರೆ ತೋರಿಸಬಹುದು. "ಬೇರೆ ಪೀಸ್ ಕಳಿಸಿದ್ದಾರೆ" ಅಂತ ಜಗಳಕ್ಕೆ ಹೋಗಬೇಡಿ.

ಕಪ್ಪು ಪಟ್ಟಿ ಸೆರಾಮಿಕ್ ಮ್ಯಾಗ್ನೆಟ್. ಮೇಲೆ ಕಾಣುವ ಆರು ಪೋಲ್‌ಗಳು ಬರೀ ಕಬ್ಬಿಣ, ಅದರಡಿ ಒಂದು ಪಟ್ಟಿ. ದುಬಾರಿ ಸ್ಟ್ರಾಟ್ ಪಿಕಪ್‌ನಲ್ಲಿ ಆರು ಪೋಲ್‌ಗಳೇ ಆಲ್ನಿಕೋ ಮ್ಯಾಗ್ನೆಟ್. ಅಲ್ಯುಮಿನಿಯಂ, ನಿಕ್ಕೆಲ್, ಕೋಬಾಲ್ಟ್ ಅನ್ನು ಕಬ್ಬಿಣದ ಜೊತೆ ಬೆರೆಸಿದ್ದು. ಸೆರಾಮಿಕ್ ಅಂದರೆ ಕಳಪೆ ಅಂತ ಎಲ್ಲರೂ ಬರೆಯುತ್ತಾರೆ. ಡಿಮಾರ್ಜಿಯೋದವರ ಸೂಪರ್ ಡಿಸ್ಟಾರ್ಷನ್ ಸೆರಾಮಿಕ್ಕೇ. ರಾಕ್ ನುಡಿಸುವವರು ಅರ್ಧ ಶತಮಾನದಿಂದ ಅದನ್ನು ಕೊಳ್ಳುತ್ತಿದ್ದಾರೆ.

ನಿಮ್ಮ ಪರೀಕ್ಷೆಯಲ್ಲಿ ಮುಖ್ಯವಾದದ್ದು ಎರಡು, ನಾಲ್ಕನೇ ಪೊಸಿಷನ್. ಒಳ್ಳೆಯ ಸೆಟ್‌ನಲ್ಲಿ ನಡುವಿನ ಪಿಕಪ್‌ನ ಮ್ಯಾಗ್ನೆಟ್ ಉಲ್ಟಾ, ಕಾಯಿಲ್ ಸುತ್ತಿದ್ದೂ ಉಲ್ಟಾ. ಎರಡು ಪಿಕಪ್ ಸೇರಿದಾಗ ತಂತಿಯ ಸದ್ದು ಎರಡು ಸಲ ಉಲ್ಟಾ ಆಗಿ ಕೂಡುತ್ತದೆ. ಹೊರಗಿನ ಹಮ್‌ಗೆ ಮ್ಯಾಗ್ನೆಟ್ ಸಂಬಂಧ ಇಲ್ಲ, ಅದು ಒಂದೇ ಸಲ ಉಲ್ಟಾ ಆಗಿ ಪರಸ್ಪರ ಕಳೆದುಹೋಗುತ್ತದೆ. ಹಂಬಕರ್ ಕೂಡ ಇದೇ ಲೆಕ್ಕ. ಗಿಬ್ಸನ್‌ನಲ್ಲಿದ್ದ ಸೇತ್ ಲವರ್ 1955ರಲ್ಲಿ ಎರಡು ಕಾಯಿಲ್ ಪಕ್ಕಪಕ್ಕ ಇಟ್ಟು ಇದನ್ನು ಮಾಡಿದರು. ನಿಮ್ಮ ಗಿಟಾರ್‌ಗೆ ಮೂರೂ ಒಂದೇ ಥರದ ಪಿಕಪ್ ಹಾಕಿದ್ದಾರೆ, ಅದಕ್ಕೇ ಕಳೆಯುವುದಿಲ್ಲ. ಸುಮ್ನೆ ಕುತೂಹಲಕ್ಕೆ ಹೇಳುತ್ತೇನೆ, ನಮ್ಮ ಕರೆಂಟ್ 50 ಹರ್ಟ್ಸ್. ಅದರ ದುಪ್ಪಟ್ಟು 100. ಆರನೇ ತಂತಿಯ ಮೂರನೇ ಫ್ರೆಟ್ 98. ನಿಮ್ಮ ಆಂಪ್ ದಿನವಿಡೀ ಜಿ ಸ್ವರ ಹಾಡುತ್ತಿದೆ, ಸ್ವಲ್ಪ ಏರಿಸಿಕೊಂಡು.

ಇಲ್ಲಿ ಅಗ್ಗದ ಪಿಕಪ್ ಒಂದು ಉಪಕಾರ ಮಾಡುತ್ತದೆ. ಆಲ್ನಿಕೋ ಆದರೆ ಮ್ಯಾಗ್ನೆಟ್ ತಿರುಗಿಸುವುದು ಸುಲಭವಲ್ಲ. ನಿಮ್ಮದರಲ್ಲಿ ಅಂಟಿಸಿದ ಪಟ್ಟಿ. ನಡುವಿನ ಪಿಕಪ್ ಹೊರತೆಗೆದು ಆ ಪಟ್ಟಿಯನ್ನು ಜೋಪಾನವಾಗಿ ಎಬ್ಬಿಸಿ, ಮಗುಚಿ ಹಾಕಿ ಮತ್ತೆ ಅಂಟಿಸಿ. ಆಮೇಲೆ ಆ ಪಿಕಪ್‌ನ ಎರಡು ವೈರ್ ಅದಲುಬದಲು ಮಾಡಿ. ಗ್ರೌಂಡ್‌ಗೆ ಹೋಗುತ್ತಿದ್ದದ್ದು ಸ್ವಿಚ್‌ಗೆ, ಸ್ವಿಚ್‌ಗೆ ಹೋಗುತ್ತಿದ್ದದ್ದು ಗ್ರೌಂಡ್‌ಗೆ. ಎರಡು ಮತ್ತು ನಾಲ್ಕನೇ ಪೊಸಿಷನ್ ಮೌನ.

ಮಗುಚಿದ್ದು ಸರಿಯೋ ಅಂತ ನೋಡಲು ನೆಕ್ ಪಿಕಪ್ ಮತ್ತು ಇದನ್ನು ಮುಖಾಮುಖಿ ಹಿಡಿಯಿರಿ. ಎಳೆದುಕೊಂಡರೆ ಸರಿ, ದೂಡಿದರೆ ತಪ್ಪು. ಸೆರಾಮಿಕ್ ಬಲು ಬೇಗ ಒಡೆಯುತ್ತದೆ, ಸ್ಕ್ರೂ ಡ್ರೈವರ್‌ನಿಂದ ಮೀಟಬೇಡಿ, ತೆಳು ಬ್ಲೇಡ್ ತೂರಿಸಿ. ಕಾಯಿಲ್ ತಂತಿ ಕೂದಲೆಳೆಯಷ್ಟು ತೆಳು, 42 ಗೇಜ್. ಒಂದು ಎಳೆ ಕಿತ್ತರೆ ಪಿಕಪ್ ಹೋಯಿತು.

ಕಾಯರ್ ಅಕ್ಕ, ಬಳ್ಳಾರಿ

ತಮ್ಮಾ, ರಾಯಚೂರು ಸರ್ ಹೇಳಿದ್ದು ಎಲ್ಲ ಸರಿ. ಆದರೆ ಅವರೇ ಹೇಳಿದ ಹಾಗೆ ಅವರು ನುಡಿಸುವವರಲ್ಲ, ರಿಪೇರಿಯವರು. ಎರಡು, ನಾಲ್ಕನೇ ಪೊಸಿಷನ್ ಮೌನವಾದರೆ ಸಾಕಾ? ಆರ್ಕೆಸ್ಟ್ರಾದಲ್ಲಿ ಸೋಲೋ ನುಡಿಸುವುದು ಬ್ರಿಡ್ಜ್‌ನಲ್ಲಿ, ಅದೂ ಡಿಸ್ಟಾರ್ಷನ್ ಹಾಕಿ. ಅಲ್ಲೇ ಹಮ್ ಹತ್ತು ಪಟ್ಟು ಕೇಳಿಸುವುದು. ಅದಕ್ಕೆ ಹಂಬಕರ್ ಬೇಕೇ ಬೇಕು.

ನಾನು ಚರ್ಚ್‌ನಲ್ಲಿ ನುಡಿಸುತ್ತೇನೆ. ಕೆಲವು ಹಾಡಿನ ನಡುವೆ ಪ್ರಾರ್ಥನೆ ಬರುತ್ತದೆ, ಎಲ್ಲರೂ ಸುಮ್ಮನಾಗುತ್ತಾರೆ. ಆಗ ಸ್ಪೀಕರ್‌ನಿಂದ ಗೊರ್ ಬಂದರೆ ಫಾದರ್ ಕಣ್ಣು ತೆರೆಯುತ್ತಾರೆ. ನನ್ನ ಗಿಟಾರ್ ನಿನ್ನದರ ಬೆಲೆಯದೇ. ಬ್ರಿಡ್ಜ್‌ಗೆ ಮಾತ್ರ ಸಿಂಗಲ್ ಕಾಯಿಲ್ ಅಳತೆಯ ಹಂಬಕರ್ ಹಾಕಿಸಿದೆ. ಆರು ಪೋಲ್ ಬದಲು ಎರಡು ಉದ್ದ ಪಟ್ಟಿ ಇರುತ್ತದಲ್ಲ, ಆ ಥರದ್ದು. ಬಾಡಿ ಕೊರೆಯಬೇಕಿಲ್ಲ, ಅದೇ ಕಿಂಡಿಯಲ್ಲಿ ಕೂರುತ್ತದೆ. ಪಟ್ಟಿ ಆದ್ದರಿಂದ ಪೋಲ್ ಅಂತರದ ತಲೆನೋವೂ ಇಲ್ಲ. ಅಗ್ಗದ ಗಿಟಾರ್‌ನ ತಂತಿ ಅಂತರ ಫೆಂಡರ್‌ಗಿಂತ ಒಂದೆರಡು ಮಿಲಿಮೀಟರ್ ಕಡಿಮೆ ಇರುವುದುಂಟು, ಆಗ ಬೇರೆ ಪಿಕಪ್‌ನ ಪೋಲ್ ಮೇಲೆ ತಂತಿ ಸರಿಯಾಗಿ ಬರಲ್ಲ.

ಸೀಮೋರ್ ಡಂಕನ್‌ನ ಹಾಟ್ ರೇಲ್ಸ್ ಈ ಜಾತಿಯಲ್ಲಿ ಹೆಸರುವಾಸಿ, ಒಂದಕ್ಕೇ ನಿನ್ನ ಬಜೆಟ್ ಖಾಲಿ. ಆರ್ಟೆಕ್, ವಿಲ್ಕಿನ್ಸನ್ ನೋಡು, ಎಷ್ಟೋ ಕಡಿಮೆಗೆ ಸಿಗುತ್ತವೆ. ನನ್ನದು ಅಗ್ಗದ ಕಂಪನಿಯದೇ. ಸ್ವರದಲ್ಲಿ ಜಾಸ್ತಿ ದಪ್ಪ ಇದೆ, ಸ್ಟ್ರಾಟ್‌ನ ಆ ಚಿಣಿಚಿಣಿ ಹೋಗುತ್ತದೆ, ಅದು ಗೊತ್ತಿರಲಿ. ಆ ಚಿಣಿಚಿಣಿ ಬೇಕು ಅನ್ನಿಸಿದಾಗ ನೆಕ್ ಮತ್ತು ನಡುವಿನದು ಇದ್ದೇ ಇವೆ.

ಹಳೇ ರೇಡಿಯೊ, ರಾಯಚೂರು

ಅಕ್ಕನ ಮಾತು ಒಪ್ಪಿದೆ. ಬ್ರಿಡ್ಜ್‌ಗೆ ಹಂಬಕರ್ ಹಾಕಿ, ನಡುವಿನದನ್ನು ಮಗುಚಿ. ನೆಕ್ ಹಾಗೇ ಇರಲಿ. ಸೆಟ್ ಬೇಡ.

ಅಗ್ಗದ ಹಂಬಕರ್ ತಗೊಂಡರೆ ವೈರ್ ಬಣ್ಣ ಮೊದಲು ಕೇಳಿಕೊಳ್ಳಿ. ನಾಲ್ಕು ವೈರ್, ಒಂದು ಬರಿ ತಂತಿ (ಹೊದಿಕೆ ಇಲ್ಲದ್ದು) ಇರುತ್ತದೆ, ಪ್ರತಿ ಕಂಪನಿಗೂ ಬಣ್ಣ ಬೇರೆ. ಡಂಕನ್‌ನಲ್ಲಿ ಕಪ್ಪು ಸ್ವಿಚ್‌ಗೆ, ಬಿಳಿ-ಕೆಂಪು ಒಟ್ಟಿಗೆ ಸೇರಿಸಿ ಟೇಪ್, ಹಸಿರು ಮತ್ತು ಬರಿ ತಂತಿ ಗ್ರೌಂಡ್‌ಗೆ. ಡಿಮಾರ್ಜಿಯೋದಲ್ಲಿ ಕೆಂಪು ಸ್ವಿಚ್‌ಗೆ, ಕಪ್ಪು-ಬಿಳಿ ಒಟ್ಟಿಗೆ, ಹಸಿರು ಮತ್ತು ಬರಿ ತಂತಿ ಗ್ರೌಂಡ್‌ಗೆ. ಡಂಕನ್ ಚಿತ್ರ ನೋಡಿ ಡಿಮಾರ್ಜಿಯೋ ಹಾಕಿದರೆ ಕೆಲಸ ಕೆಟ್ಟಿತು.

ಎಲ್ಲ ಆದ ಮೇಲೆ ಬ್ರಿಡ್ಜ್ ಮತ್ತು ನಡುವಿನದು ಸೇರಿದ ಪೊಸಿಷನ್ ಹಾಕಿ. ಸದ್ದು ತೆಳುವಾಗಿ ಮೂಗಿನಲ್ಲಿ ಬಂದ ಹಾಗಿದ್ದರೆ ಎರಡು ಪಿಕಪ್ ಒಂದಕ್ಕೊಂದು ಉಲ್ಟಾ ಇವೆ. ಹೊಸದರ ಸ್ವಿಚ್‌ಗೆ ಹೋದ ವೈರ್ ಮತ್ತು ಗ್ರೌಂಡ್ ವೈರ್ ಅದಲುಬದಲು ಮಾಡಿ. ಬರಿ ತಂತಿ ಮಾತ್ರ ಗ್ರೌಂಡ್‌ನಲ್ಲೇ ಇರಲಿ, ಅದನ್ನು ಮುಟ್ಟಬೇಡಿ.

ನಾಬ್‌ನ ಒಳಗಿನ ಪಾಟ್ (ತಿರುಗಿಸುವ ರೆಸಿಸ್ಟರ್) 250 ಕಿಲೋ ಓಮ್ ಇದ್ದರೆ ಬದಲಿಸಬೇಡಿ. ಹಂಬಕರ್‌ಗೆ 500 ಹಾಕುವುದು ವಾಡಿಕೆ, ಆದರೆ ನಿಮ್ಮ ತಕರಾರೇ ಚುಚ್ಚುವ ಸದ್ದು. 250 ಇದ್ದರೆ ಅದು ಸ್ವಲ್ಪ ಮೆತ್ತಗಾಗುತ್ತದೆ.

ಕೌಲ್‌ಬಜಾರ್ ಹುಡುಗ, ಬಳ್ಳಾರಿ

ಸರಿ ಸರ್, ಸಂಬಳ ಬಂದ ಮೇಲೆ ಆರ್ಡರ್ ಮಾಡುತ್ತೇನೆ. ಅಕ್ಕಾ, ನಿಮ್ಮ ಹಂಬಕರ್ ಕಿಂಡಿಯಲ್ಲಿ ಆಳಕ್ಕೆ ತಾಗಲಿಲ್ಲವಾ? ನನ್ನ ಗಿಟಾರ್‌ನ ಕುಳಿ ಆಳ ಕಡಿಮೆ ಅನ್ನಿಸುತ್ತಿದೆ. ಸರ್, 25 ವಾಟ್ ಸೋಲ್ಡರಿಂಗ್ ಐರನ್ ಸಾಕಾ?

ಕಾಯರ್ ಅಕ್ಕ, ಬಳ್ಳಾರಿ

ನನ್ನದರಲ್ಲಿ ತಾಗಲಿಲ್ಲ. ಆರ್ಡರ್ ಮಾಡುವ ಮುಂಚೆ ಕುಳಿಯ ಆಳ ಸ್ಕೇಲ್‌ನಲ್ಲಿ ಅಳೆದು, ಮಾರುವವರ ಹತ್ತಿರ ಪಿಕಪ್‌ನ ಎತ್ತರ ಕೇಳು. ಪಿಕ್‌ಗಾರ್ಡ್ ಮತ್ತೆ ಹಾಕುವಾಗ ಸ್ಕ್ರೂ ಜೋರಾಗಿ ಬಿಗಿಯಬೇಡ. ಈ ಬೆಲೆಯ ಗಿಟಾರ್‌ನ ಮರ ಮೆತ್ತಗಿರುತ್ತದೆ, ತೂತು ಸಡಿಲವಾಗುತ್ತದೆ.

ಹಳೇ ರೇಡಿಯೊ, ರಾಯಚೂರು

ಸ್ವಿಚ್‌ಗೆ 25 ಸಾಕು. ಪಾಟ್‌ನ ಬೆನ್ನಿಗೆ ಗ್ರೌಂಡ್ ಹಾಕಲು ಸಾಲದು, ಇಡೀ ಡಬ್ಬಿ ಬಿಸಿಯನ್ನು ಹೀರಿಕೊಳ್ಳುತ್ತದೆ. ಅಲ್ಲಿಗೆ 40ರ ಮೇಲಿನದು ಇರಲಿ, ಬೇಗ ಮುಟ್ಟಿಸಿ ಬೇಗ ತೆಗೆಯಿರಿ. 60/40 ರೋಸಿನ್ ಇರುವ ಸೋಲ್ಡರ್ ಲೆಡ್ ತಗೊಳ್ಳಿ. ಬಿಚ್ಚುವ ಮುಂಚೆ ಫೋಟೋ ತೆಗೆದುಕೊಳ್ಳಿ. ಸೋಲ್ಡರ್ ಮಾಡುವಾಗ ಎಷ್ಟೇ ಸೆಕೆ ಇದ್ದರೂ ಫ್ಯಾನ್ ಆರಿಸಿ, ಗಾಳಿಗೆ ಜಾಯಿಂಟ್ ಸರಿಯಾಗಿ ಕೂರಲ್ಲ. ಕಿಟಕಿ ತೆರೆದಿರಲಿ, ಹೊಗೆ ಹೋಗಲಿ.